ನರಿ ಬೇಟೆ ಸೋತಿತು, ಕಂಬಳ ಗೆದ್ದಿತು

ಇಲ್ಲಿ ಇಂಗ್ಲೆಂಡಿನಲ್ಲಿ ನಾಯಿ ಹಿಂಡು ಬಿಟ್ಟು ನರಿ ಬೇಟೆಯಾಡುವುದು 2005ರ ಫೆಬ್ರವರಿ 18ರಿಂದ ಅಪರಾಧ. ಮೇಲ್ಮನೆ ಒಪ್ಪದಿದ್ದರೂ ಪಾರ್ಲಿಮೆಂಟ್ ಆಕ್ಟ್ (ಮೇಲ್ಮನೆಯ ಒಪ್ಪಿಗೆಯಿಲ್ಲದೆ ಕೆಳಮನೆಯೇ ಮಸೂದೆ ಪಾಸು ಮಾಡಲು ದಾರಿ ಕೊಡುವ ಕಾಯ್ದೆ) ಬಳಸಿ ಪಾಸು ಮಾಡಿದ ಕಾಯ್ದೆ ಇದು. ಅದು ಸಿಂಧುವೇ ಅಲ್ಲ ಎಂದು ಹೂಡಿದ ದಾವೆ ಅದೇ ವರ್ಷ ಅಕ್ಟೋಬರಿನಲ್ಲಿ ಬಿತ್ತು. ಬೇಟೆಗಾರರಿಗೆ ಉಳಿದದ್ದು ಮಾನವ ಹಕ್ಕಿನ ದಾರಿ: ಖಾಸಗಿ ಬದುಕು, ಸಭೆ ಸೇರುವ ಸ್ವಾತಂತ್ರ್ಯ, ಆಸ್ತಿ.

2007ರ ನವೆಂಬರಿನಲ್ಲಿ ಲಾರ್ಡ್ಸ್ ನ್ಯಾಯಪೀಠ, ಅಂದರೆ ಆಗಿನ ಇಲ್ಲಿನ ಅತ್ಯುನ್ನತ ನ್ಯಾಯಾಲಯ, ಮೂರನ್ನೂ ತಳ್ಳಿಹಾಕಿತು. ಹಗಲಲ್ಲಿ, ಗದ್ದಲದ ನಡುವೆ, ನೋಡುಗರನ್ನು ಸೆಳೆಯುತ್ತ ನಡೆಯುವ ಬೇಟೆ ಖಾಸಗಿ ಬದುಕು ಹೇಗಾದೀತು? 2009ರಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಅರ್ಜಿಯನ್ನು ವಿಚಾರಣೆಗೇ ಅರ್ಹವಲ್ಲ ಎಂದಿತು. ಅದರ ಕಾರಣಗಳು ಇವು: ಬೇಟೆಗಾರರು ಜನಾಂಗೀಯ ಅಲ್ಪಸಂಖ್ಯಾತರಲ್ಲ. ಸೇರುವುದಕ್ಕೆ ಅಡ್ಡಿಯಿಲ್ಲ, ಜೀವಂತ ಪ್ರಾಣಿಯ ಬದಲು ನೆಲದ ಮೇಲೆ ಮೊದಲೇ ಎಳೆದಿಟ್ಟ ವಾಸನೆಯ ಜಾಡನ್ನು ನಾಯಿಗಳು ಬೆನ್ನಟ್ಟಲಿ. ಉಳಿದಂತೆ, ಆಟಕ್ಕಾಗಿ ಕೊಲ್ಲುವುದು ನೈತಿಕವಾಗಿ ಸರಿಯೇ ಎಂಬುದನ್ನು ದೀರ್ಘ ಚರ್ಚೆಯ ನಂತರ ಪಾರ್ಲಿಮೆಂಟು ತೀರ್ಮಾನಿಸಿದೆ, ಅದು ಪಾರ್ಲಿಮೆಂಟಿನದೇ ಕೆಲಸ.

ಈಗ ನಮ್ಮ ಕಡೆ ನೋಡಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಲ್ಲಿಸಿತು. ಅದರ ನೆರಳು ಕಂಬಳದ ಮೇಲೂ ಬಿತ್ತು. ಕಂಬಳಕ್ಕೆ ಅವಕಾಶ ಕೊಡಲು ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು: ಹಿಂಸೆ ತಗ್ಗುವಂತೆ ಪದ್ಧತಿ ಬದಲಾಗಿದೆ, ಇದು ಪರಂಪರೆ ಎಂದು ಶಾಸನಸಭೆ ಹೇಳಿದ ಮೇಲೆ ನ್ಯಾಯಾಲಯ ಬೇರೆ ಮಾತು ಆಡುವುದಿಲ್ಲ. ಲಂಡನ್ನಿನ ತೀರ್ಪಿಗೆ ಚಪ್ಪಾಳೆ ಹೊಡೆದು ದೆಹಲಿಯದನ್ನು ಬೈಯುವವರು (ಅಥವಾ ಇದರ ತಿರುಗುಮುರುಗು) ತಮಗೆ ಬೇಕಾದ ಫಲವನ್ನಷ್ಟೇ ನೋಡುತ್ತಿದ್ದಾರೆ. ಎರಡೂ ಕಡೆ ತರ್ಕ ಒಂದೇ: ಇಂಥದ್ದನ್ನು ತೀರ್ಮಾನಿಸುವುದು ಶಾಸನಸಭೆಯ ಕೆಲಸ. ನನಗೆ ಅದು ಒಪ್ಪಿಗೆಯಾಗುವಂಥದ್ದೇ.

ವ್ಯತ್ಯಾಸ ಅಧಿಕಾರದಲ್ಲಿದೆ. ನಮ್ಮ ಸುಪ್ರೀಂ ಕೋರ್ಟ್ ಮೂಲಭೂತ ಹಕ್ಕಿಗೆ ಎದುರಾದ ಕಾಯ್ದೆಯನ್ನು ರದ್ದು ಮಾಡಬಲ್ಲದು. ಇಲ್ಲಿನ 1998ರ ಮಾನವ ಹಕ್ಕು ಕಾಯ್ದೆಯಡಿ ಗೆದ್ದಿದ್ದರೂ ಸಿಗುತ್ತಿದ್ದದ್ದು ‘ಹಕ್ಕಿಗೆ ಹೊಂದುವುದಿಲ್ಲ’ ಎಂಬ ಘೋಷಣೆ ಮಾತ್ರ, ನಿಷೇಧ ಜಾರಿಯಲ್ಲೇ ಇರುತ್ತಿತ್ತು.

ನಿಷೇಧದ ನಿಜವಾದ ತೊಡಕು ಹಕ್ಕಿನದಲ್ಲ, ಸಾಕ್ಷ್ಯದ್ದು. ಎರಡಕ್ಕಿಂತ ಹೆಚ್ಚು ನಾಯಿ ಬಳಸದೆ ಪ್ರಾಣಿಯನ್ನು ಹೊರಗೆಬ್ಬಿಸಿ ಕೂಡಲೇ ಗುಂಡಿಕ್ಕಲು ಷರತ್ತಿನ ವಿನಾಯಿತಿ ಇದೆ. ವಿನಾಯಿತಿಯ ಪ್ರಶ್ನೆಯನ್ನು ಆರೋಪಿ ಒಮ್ಮೆ ಎತ್ತಿದರೆ ಅದು ಸುಳ್ಳೆಂದು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು ಎಂದು ಇಲ್ಲಿನ ಹೈಕೋರ್ಟ್ 2009ರಲ್ಲಿ ಹೇಳಿತು. ಪ್ರಾಣಿ ಸಿಗುವ ಮೊದಲಿನ ಬರೀ ಹುಡುಕಾಟ ‘ಬೇಟೆ’ ಅಲ್ಲ ಎಂದೂ ಹೇಳಿತು. ವಾಸನೆಯ ಜಾಡು ಹಿಡಿದಿದ್ದೆವು, ನರಿ ಅಡ್ಡ ಬಂತು ಎನ್ನುವವನ ಉದ್ದೇಶವನ್ನು ಕಟಕಟೆಯಲ್ಲಿ ಒಡೆಯುವುದು ಕಷ್ಟ. ಸ್ಕಾಟ್ಲೆಂಡ್ 2023ರಲ್ಲಿ ಹೊಸ ಕಾಯ್ದೆ ತಂದು ಈ ಜಾಡಿನಾಟವನ್ನೂ ನಿಷೇಧಿಸಿತು.