ನಿಮ್ಮ ಓಣಿಗೆ ಎಷ್ಟು ಇಂಚು?

ಜೀಪಿನ ಸಸ್ಪೆನ್ಷನ್ ಎತ್ತಿಸುವ, ಅಂದರೆ ಲಿಫ್ಟ್ ಹಾಕಿಸಿ ಗಾಡಿಯನ್ನು ನೆಲದಿಂದ ಇನ್ನಷ್ಟು ಮೇಲೇರಿಸುವ ಹುಚ್ಚು ಕಲಬುರಗಿಗೂ ಬಂದಿದೆ. ಬೇರೆ ಕಡೆ ಕಾಡು ಸುತ್ತುವವರು, ಬೆಟ್ಟ ಹತ್ತುವವರು ಇದನ್ನು ಮಾಡಿಸುತ್ತಾರಂತೆ. ನಮ್ಮ ಊರ ಸುತ್ತ ಇರೋದು ತೊಗರಿ ಹೊಲ. ಆದರೂ ಥಾರ್, ಜಿಮ್ನಿ ಇದ್ದವರು ಎರಡು ಇಂಚೋ ನಾಲ್ಕು ಇಂಚೋ ಅಂತ ತಲೆ ಕೆಡಿಸಿಕೊಂಡಿದ್ದಾರೆ. ನಗಬೇಡಿ. ಸೂಪರ್ ಮಾರ್ಕೆಟ್‌ಗೆ ಹೋಗಿ ಕೊತ್ತಂಬರಿ ತರೋದೂ ನಮ್ಮಲ್ಲಿ ಆಫ್‌ರೋಡಿಂಗೇ.

ಮೊದಲು ನಿಮ್ಮ ಓಣಿಯ ಹಂಪ್ ಅಳೆಯಿರಿ. ರಸ್ತೆ ಇಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಅಳತೆ ಬರೆದಿಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಗಾಡಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಲಿ ಅಂತ. ನಮ್ಮವರು ಎತ್ತರದಲ್ಲಿ ಧಾರಾಳ ತೋರಿಸಿ, ಅಗಲದಲ್ಲಿ ಉಳಿತಾಯ ಮಾಡಿದ್ದಾರೆ. ಮೂರು ಬಾಗಿಲಿನ ಥಾರಿನ ಹೊಟ್ಟೆ ನೆಲದಿಂದ 226 ಮಿಲಿಮೀಟರ್ ಮೇಲಿದೆ, ಜಿಮ್ನಿಯದು 210. ಪುಸ್ತಕದ ಹಂಪ್‌ಗೆ ಇದು ಎರಡು ಪಟ್ಟು. ಪಾಪ, ಕಂಪನಿಯವರು ಪುಸ್ತಕ ಓದಿ ಗಾಡಿ ಮಾಡಿದ್ದಾರೆ.

ಇನ್ನು ಗ್ಯಾರೇಜಿನ ಉಸ್ತಾದ್ ಹತ್ತಿರ ಹೋಗಿ.

“ಎರಡು ಇಂಚ್ ಸಾಕೇನ್ರಿ ಉಸ್ತಾದ್?”

“ಮನಿ ಎಲ್ಲಿ ಅದರಿ ಸಾಹೇಬ್ರ? ನಿಮ್ಮ ಕಡಿ ಒಳಚರಂಡಿ ಕೆಲಸ ಮುಗದದೇನು?”

“ಇನ್ನಾ ಇಲ್ಲ.”

“ಹಂಗಾದ್ರ ನಾಲ್ಕ ಹಾಕ್ಸ್ರಿ.”

ಅಗ್ಗದ್ದು ಸ್ಪೇಸರ್. ಸ್ಪ್ರಿಂಗ್ ಮೇಲೊಂದು ಬಿಲ್ಲೆ ಇಟ್ಟರೆ ಆಯಿತು. ಎತ್ತರ ಬರುತ್ತದೆ, ಸ್ಪ್ರಿಂಗ್ ಮಾತ್ರ ಅದೇ. ಬಾಡಿ ಲಿಫ್ಟ್ ಅಂತ ಇನ್ನೊಂದಿದೆ. ಅದರಲ್ಲಿ ಮೇಲಿನ ಬಾಡಿ ಏರುತ್ತದೆ, ಕೆಳಗಿನ ಚೌಕಟ್ಟು, ಚಾಸಿಸ್, ಇದ್ದಲ್ಲೇ ಇರುತ್ತದೆ. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತಲ್ಲ, ಹಾಗೆ. ಪೂರ್ತಿ ಕಿಟ್ ಹಾಕಿಸಿದರೆ ಸ್ಪ್ರಿಂಗ್, ಉದ್ದದ ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು. ನಾಲ್ಕು ಇಂಚಿಗೆ ಹೋದರೆ ಬ್ರೇಕ್ ಹೋಸ್ ಬಿಗಿಯುತ್ತದೆ, ಡ್ರೈವ್ ಶಾಫ್ಟ್‌ನ ಕೋನ ಕೆಡುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಇಷ್ಟಾದರೂ ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬಿ, ಡಿಫರೆನ್ಷಿಯಲ್, ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತೋದು ದೊಡ್ಡ ಟೈರ್ ಮಾತ್ರ. ಚಕ್ರಗಳ ನಡುವೆ ಸಿಕ್ಕ ಕಲ್ಲು ಸರಿಯಾಗಿ ಅಲ್ಲಿಗೇ ತಾಗುತ್ತದೆ.

ನಿಮಗಿಂತ ಮೊದಲು ಲಿಫ್ಟ್ ಹಾಕಿಸಿಕೊಂಡಿದ್ದು ರಸ್ತೆ. ಹಳೆ ಡಾಂಬರ್ ಕೆರೆಯುವುದಿಲ್ಲ, ಅದರ ಮೇಲೇ ಹೊಸದು. ಪ್ರತಿ ಟೆಂಡರ್‌ಗೂ ರಸ್ತೆ ಸ್ವಲ್ಪ ಏರುತ್ತದೆ, ಮನೆ ಸ್ವಲ್ಪ ಇಳಿಯುತ್ತದೆ. ಮಳೆ ನೀರು ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ. ಮನೆಯನ್ನೇ ಜಾಕ್ ಹಾಕಿ ಎತ್ತಿಕೊಡುವವರೂ ಈಗ ಇದ್ದಾರೆ. ರಸ್ತೆ ಯಾಕೆ ಹೀಗೆ ಅಂತ ಕೇಳಿದರೆ ಎರೆ ಮಣ್ಣಿನ ಕಡೆ ಬೊಟ್ಟು. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ನಿಜ. ಆದರೆ ಈ ಮಣ್ಣು ನಿನ್ನೆ ಬಂದದ್ದಲ್ಲ. ಬಹಮನಿಯವರು ಕೋಟೆ ಭದ್ರ ಮಾಡಿದ್ದೂ ಇದೇ ಊರಲ್ಲಿ. ವಾಡಿ, ಸೇಡಂ ಕಡೆಯ ಸಿಮೆಂಟು ದೇಶಕ್ಕೆಲ್ಲ ಹೋಗುತ್ತದೆ. ನಮ್ಮ ಪಾಲಿನದು ಹಂಪ್‌ಗೆ ಸರಿಹೋಗುತ್ತದೆ.

ಕಾನೂನಿನ ವಿಷಯಕ್ಕೆ ಹುಷಾರಾಗಿರಿ. ಕಂಪನಿ ಕೊಟ್ಟ ಗಾಡಿಯನ್ನು ನಿಮ್ಮಿಷ್ಟಕ್ಕೆ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿಯುತ್ತದೆ. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳು ಜೈಲೂ ಆಗಬಹುದು. ಹಾಗಾದರೆ ಅಳತೆ ಮೀರಿದ ರಸ್ತೆಗೆ? ಅದಕ್ಕೂ 2019ರಲ್ಲಿ 198ಎ ಸೇರಿಸಿದ್ದಾರೆ, 1 ಲಕ್ಷದವರೆಗೆ ದಂಡ. ಷರತ್ತು ಒಂದೇ. ಅದರಿಂದ ಯಾರಾದರೂ ಸಾಯಬೇಕು ಇಲ್ಲವೇ ಅಂಗವಿಕಲರಾಗಬೇಕು. ಬರೀ ಸೊಂಟ ಉಳುಕಿದರೆ ನಡೆಯುವುದಿಲ್ಲ.

ಕೊನೆಗೆ ಟೆಸ್ಟ್ ಡ್ರೈವ್. ಲಿಫ್ಟ್ ಹಾಕಿಸಿ ಪರೀಕ್ಷೆ ಮಾಡೋರು ಸೆಪ್ಟೆಂಬರ್ 17ರ ವಾರ ಮಾತ್ರ ಬಿಟ್ಟುಬಿಡಿ. ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮುಖ್ಯಮಂತ್ರಿ ಬರುತ್ತಾರೆ, ಕಾರು ಹೋಗುವ ದಾರಿಯಲ್ಲಿ ಗುಂಡಿ ಮುಚ್ಚಿ ಸುಣ್ಣದ ಗೆರೆ ಎಳೆದಿರುತ್ತಾರೆ. ಅವತ್ತು ಓಡಿಸಿದರೆ ದುಡ್ಡು ಸುಮ್ನೆ ದಂಡ ಆಯ್ತು ಅನ್ನಿಸುತ್ತದೆ. 20ನೇ ತಾರೀಕಿನ ಮೇಲೆ ಹೊರಡಿ.