ಕತ್ತಲಲ್ಲೇ ಮುಗಿಯುವ ಕೀರ್ತನೆ

ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವ ಸಮಯ ಅಂತ ಒಂದಿದೆ. ಯಾರಾದರೂ ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಹೇಳುತ್ತಾರೆ. ಕಾಯಿಲೆ ಇತ್ತು, ವಾಸಿಯಾಯಿತು. ಕೆಲಸ ಇರಲಿಲ್ಲ, ಸಿಕ್ಕಿತು. ಎಲ್ಲರೂ ‘ಸ್ತೋತ್ರ’ ಅನ್ನುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಮುಗಿದ ಕಥೆಗಳಿಗೆ ಮಾತ್ರ ಜಾಗ. ಇನ್ನೂ ನಡುನೀರಿನಲ್ಲಿ ಇರುವವನು ಎದ್ದು ಏನು ಹೇಳಬೇಕು?

ನಾನು ನಾಲ್ಕು ವರ್ಷ ಏನೂ ಹೇಳಲಿಲ್ಲ. ಹೇಳಿಕೊಳ್ಳುವಂಥ ಕಷ್ಟವೂ ಇರಲಿಲ್ಲ. ಮನೆಯವರೆಲ್ಲ ಚೆನ್ನಾಗಿದ್ದರು, ಸಂಬಳ ಬರುತ್ತಿತ್ತು. ಪ್ರಾರ್ಥನೆಗೆ ಕೂತರೆ ಮಾತ್ರ ಫೋನ್ ರಿಂಗ್ ಆಗುತ್ತಲೇ ಇದೆ, ಆ ಕಡೆ ಯಾರೂ ಎತ್ತುತ್ತಿಲ್ಲ ಅನ್ನೋ ಹಾಗೆ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಬೈಬಲಿನ 23ನೇ ಕೀರ್ತನೆ ಕೂಡ ಬರೀ ಅಕ್ಷರ.

ಒಬ್ಬರ ಹತ್ತಿರ ಹೇಳಿಕೊಂಡೆ. ‘ಯಾವುದೋ ಪಾಪ ಬಚ್ಚಿಟ್ಟಿರಬೇಕು, ನೋಡ್ಕೊಳ್ಳಿ’ ಅಂದರು. ಆರು ತಿಂಗಳು ಹುಡುಕಿದೆ. ಪಾಪಕ್ಕೇನು ಬರ, ಬೇಕಾದಷ್ಟು ಸಿಕ್ಕವು. ಎಲ್ಲಾ ಅರಿಕೆ ಮಾಡಿದೆ. ಫೋನ್ ರಿಂಗ್ ಆಗುತ್ತಲೇ ಇತ್ತು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಅಂತ ಒಬ್ಬನಿದ್ದಾನೆ. ಅವನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

(ನಿದ್ದೆ, ಊಟವೇ ಬಿಟ್ಟುಹೋಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಪ್ರವಾದಿ ಎಲೀಯನು ಸಾವು ಬೇಡಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನು ಅಂದ.)

ಆ ದಿನಗಳಲ್ಲೇ 88ನೇ ಕೀರ್ತನೆ ಕಣ್ಣಿಗೆ ಬಿತ್ತು. 13ನೇ ಕೀರ್ತನೆ ಗೊತ್ತಿತ್ತು. ಅದರಲ್ಲೂ ‘ಎಷ್ಟು ಕಾಲ?’ ಅಂತ ಕೀರ್ತನೆಗಾರ ನಾಲ್ಕು ಸಲ ಕೇಳುತ್ತಾನೆ, ಆದರೆ ಆರನೇ ವಚನಕ್ಕೆ ಹಾಡು ಬಂದುಬಿಡುತ್ತದೆ. 88ರಲ್ಲಿ ಹಾಗಿಲ್ಲ. ಹದಿನೆಂಟು ವಚನ ಓದಿದರೂ ತಿರುವೇ ಇಲ್ಲ, ಕೊನೆಗೂ ಕತ್ತಲೆಯೇ. ಹಾಡುಗಾರರಿಗೆ ಅಂತ ಮೇಲೆ ಬರೆದಿದೆ. ಅಂದರೆ ಜನರೆಲ್ಲ ಕೂಡಿದಾಗ ಇದನ್ನು ಹಾಡುತ್ತಿದ್ದರು! ನಾವು ಯಾವತ್ತಾದರೂ ಹಾಡಿದ್ದೇವಾ?

ಆದರೂ 88ರ ಮೊದಲ ವಚನದಲ್ಲಿ ಕೀರ್ತನೆಗಾರ ಕರೆಯುವುದು ‘ನನ್ನನ್ನು ರಕ್ಷಿಸುವ ದೇವರೇ’ ಅಂತ. ದೂರು ದೇವರ ಮೇಲೆ, ಹೇಳುವುದೂ ದೇವರಿಗೇ. ಹೊಡೆದ ಅಮ್ಮನ ಸೆರಗನ್ನೇ ಹಿಡಿದು ಅಳುವ ಮಗುವಿನ ಹಾಗೆ. ಭರವಸೆ ಅಂದರೆ ಮನಸ್ಸು ಹಗುರಾಗಿರುವುದು ಅಂತ ನಾನು ತಿಳಿದಿದ್ದೆ. ಇವನ ಮನಸ್ಸು ಹಗುರಾಗಿಯೇ ಇಲ್ಲ, ಸೆರಗು ಮಾತ್ರ ಬಿಟ್ಟಿಲ್ಲ.

ನಾವು ಪ್ರೊಟೆಸ್ಟೆಂಟರು, ಸಂತರ ಸುದ್ದಿ ಜಾಸ್ತಿ ಎತ್ತುವುದಿಲ್ಲ. ಆದರೂ ಮದರ್ ತೆರೇಸಾ ಅವರ ಕಾಗದಗಳ ವಿಷಯ ಹೇಳಲೇಬೇಕು. 1946ರಲ್ಲಿ ಡಾರ್ಜಿಲಿಂಗ್‌ಗೆ ಹೋಗುವಾಗ ರೈಲಿನಲ್ಲಿ ಅವರಿಗೆ ಬಡವರ ಸೇವೆಗೆ ದೇವರ ಕರೆ ಬಂತು. ಕಲ್ಕತ್ತೆಯ ಬೀದಿಗಳಲ್ಲಿ ಸೇವೆ ಶುರುವಾದ ಹೊತ್ತಿಗೇ ಒಳಗೆ ಕತ್ತಲೆ ಕವಿಯಿತು. 1958ರಲ್ಲಿ ಸುಮಾರು ಐದು ವಾರ ತೆರವಾಯಿತು, ಮತ್ತೆ ಮುಚ್ಚಿಕೊಂಡಿತು. ಹತ್ತಿರ ಹತ್ತಿರ 50 ವರ್ಷ! ಇದನ್ನೆಲ್ಲ ತಮ್ಮ ಗುರುಗಳಿಗೆ ಬರೆದಿದ್ದ ಆ ಕಾಗದಗಳನ್ನು ನಾಶ ಮಾಡಿ ಅಂತ ಅವರೇ ಕೇಳಿಕೊಂಡಿದ್ದರು, ಆದರೆ 2007ರಲ್ಲಿ ಅಚ್ಚಾದವು. ‘ನೋಡಿ, ಆಕೆಗೆ ನಂಬಿಕೆಯೇ ಇರಲಿಲ್ಲ’ ಅಂದವರಿದ್ದಾರೆ. ನಂಬಿಕೆ ಇಲ್ಲದವರು ಅಷ್ಟು ವರ್ಷ ದಿನಾ ಬೆಳಗ್ಗೆ ಪ್ರಾರ್ಥನೆಗೆ ಯಾಕೆ ಕೂರುತ್ತಾರೆ? ಪುಣೆಯಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ನ್ಯೂನರ್ ಎಂಬ ಜೆಸ್ವಿಟ್ (ಒಂದು ಕ್ಯಾಥೊಲಿಕ್ ಸಂಘ) ಗುರುಗಳು ಆಕೆಯ ಪಾಪ ಹುಡುಕಲು ಹೋಗಲಿಲ್ಲ. ದೇವರಿಗಾಗಿ ಇಷ್ಟು ಹಂಬಲಿಸುವುದೇ ಅವನು ಒಳಗಿದ್ದಾನೆ ಅನ್ನುವುದರ ಗುರುತು ಅಂತ ತಿಳಿಸಿದರು. ಆಮೇಲೆಯೂ ಕತ್ತಲೆ ಹೋಗಲಿಲ್ಲ. ಆಕೆ ಅದರ ಜೊತೆ ಬದುಕಲು ಕಲಿತರು.

ನನಗೆ ನ್ಯೂನರ್ ಸಿಗಲಿಲ್ಲ. ನಮ್ಮ ಹಿಂದಿನ ಬೆಂಚಿನ ಅಜ್ಜಿ ಸಿಕ್ಕರು. ಹುಬ್ಬಳ್ಳಿ ಕಡೆಯವರು. ಹಾಡುವಾಗ ನನ್ನ ಬಾಯಿ ಆಡುತ್ತಿಲ್ಲ ಅನ್ನುವುದನ್ನು ಗಮನಿಸಿದ್ದರಂತೆ. ‘ನನಗೂ ಹಂಗ ಆಗಿತ್ತು ತಮ್ಮಾ. ಹಾಡಾಕ ಆಗಲಿಲ್ಲಂದ್ರ ಬಿಡು, ನಾವು ಹಾಡ್ತೇವಿ. ನೀ ಬಂದು ಕುಂದ್ರು ಸಾಕು’ ಅಂದರು. ಬೇರೇನೂ ಕೇಳಲಿಲ್ಲ. ನಾನು ಹೋಗಿ ಕೂರುತ್ತಿದ್ದೆ, ಅಷ್ಟೇ.

ಈಗ ಎಲ್ಲ ಸರಿಹೋಯಿತಾ ಅಂದರೆ, ಇಲ್ಲ. ಕೆಲವು ದಿನ ಪರವಾಗಿಲ್ಲ, ಕೆಲವು ದಿನ ಮತ್ತೆ ಅದೇ ರಿಂಗ್. ಹೋದ ಭಾನುವಾರ ಸಾಕ್ಷಿಯ ಸಮಯದಲ್ಲಿ ಮೊದಲ ಸಲ ಎದ್ದು ನಿಂತೆ. 88ನೇ ಕೀರ್ತನೆಯನ್ನು ಕೊನೆಯವರೆಗೂ ಓದಿ, ಏನೂ ವಿವರಿಸದೆ ಕೂತೆ. ಯಾರೂ ‘ಸ್ತೋತ್ರ’ ಅನ್ನಲಿಲ್ಲ. ಆಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇಬ್ಬರು ಬೇರೆ ಬೇರೆಯಾಗಿ ಬಂದು, ‘ಅದು ಎಷ್ಟನೇ ಕೀರ್ತನೆ ಅಂದ್ರಿ?’ ಅಂತ ಮೆಲ್ಲಗೆ ಕೇಳಿದರು.