ಮಾವನ ಮೂರು ಲಕ್ಷ, ನನ್ನ ಐದು ಸಾವಿರ ಪೌಂಡ್

ತಿಪಟೂರಿನಲ್ಲಿರುವ ನನ್ನ ಸೋದರಮಾವ ಒಂದು ವರ್ಷ ಕೊಬ್ಬರಿ ಮಾರಿದ ದುಡ್ಡಲ್ಲಿ ಮೂರು ಲಕ್ಷವನ್ನು ಸಿನಿಮಾಕ್ಕೆ ಹಾಕಿದರು. ಪರಿಚಯದ ಹುಡುಗ, ಒಳ್ಳೆ ಕಥೆ. ಬಿಳಿ ಹಾಳೆ ಮೇಲೆ ನಾಲ್ಕು ಸಾಲು ಬರೆದು, ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ಹಾಕಿಕೊಟ್ಟಿದ್ದ. ಚಿತ್ರ ಎರಡು ವಾರ ಓಡಿತು. ದುಡ್ಡು ವಾಪಸ್ ಬರಲಿಲ್ಲ. ಹುಡುಗ ಮೋಸ ಮಾಡಲಿಲ್ಲ, ಅವನ ಕೈಗೂ ಏನೂ ಬರಲಿಲ್ಲ. ಆ ಹಾಳೆ ಇವತ್ತಿಗೂ ಮಾವನ ಬೀರುವಿನಲ್ಲಿ ಜಮೀನಿನ ಪಹಣಿ ಜೊತೆ ಇದೆ.

ಇದು ನೆನಪಾಗಿದ್ದು ಲೀಡ್ಸ್‌ನ ಒಂದು ಪುಟ್ಟ ಅಡುಗೆಮನೆಯಲ್ಲಿ. ನಾನು ಇಂಗ್ಲೆಂಡಿಗೆ ಬಂದು 14 ವರ್ಷ ಆಯಿತು. ಗೆಳೆಯರ ಮೂಲಕ ಪರಿಚಯವಾದ ಒಬ್ಬ ನಿರ್ದೇಶಕಿ ಬಜೆಟ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದ್ದಳು. 22 ಜನಕ್ಕೆ 18 ದಿನದ ಊಟ ಅಂತ ಒಂದು ಸಾಲು, ಅದರ ಕೆಳಗೆ ವ್ಯಾನ್ ಬಾಡಿಗೆ. ನಾನು ಐದು ಸಾವಿರ ಪೌಂಡ್ ಹಾಕುವುದು ಅಂತ ಮಾತಾಗಿತ್ತು. ಆ ದುಡ್ಡು ಒಂದು ಸಿನಿಮಾಕ್ಕಲ್ಲ, ಅವಳ ಕಂಪನಿಯ ಹೊಸ ಷೇರುಗಳಿಗೆ.

ಇಲ್ಲಿ 2012ರಿಂದ ಸೀಡ್ ಎಂಟರ್‌ಪ್ರೈಸ್ ಇನ್ವೆಸ್ಟ್‌ಮೆಂಟ್ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ. ಹೊಸದಾಗಿ ಶುರುವಾದ ಸಣ್ಣ ಕಂಪನಿಯ ಷೇರು ಕೊಂಡರೆ, ಹಾಕಿದ ಮೊತ್ತದ ಅರ್ಧದಷ್ಟು ನನ್ನ ಆದಾಯ ತೆರಿಗೆಯಲ್ಲಿ ಕಡಿತವಾಗುತ್ತದೆ. ಐದು ಸಾವಿರ ಹಾಕಿದರೆ ಎರಡೂವರೆ ಸಾವಿರ ಉಳಿಯಿತು. ಅಷ್ಟು ತೆರಿಗೆ ನಾನು ಕಟ್ಟುವವನಾಗಿರಬೇಕು, ಅಷ್ಟೇ. ಕಂಪನಿ ಪೂರ್ತಿ ಮುಳುಗಿದರೆ ಉಳಿದ ಎರಡೂವರೆ ಸಾವಿರವನ್ನು ನಷ್ಟ ಅಂತ ನನ್ನ ಆದಾಯದ ಎದುರು ತೋರಿಸಬಹುದು. 40% ತೆರಿಗೆ ಕಟ್ಟುವವನಿಗೆ ಅದರಲ್ಲಿ ಇನ್ನೊಂದು ಸಾವಿರ ಉಳಿಯುತ್ತದೆ. ಅಂದರೆ ಎಲ್ಲ ಹೋದರೂ ನಿಜವಾಗಿ ಹೋಗುವುದು 1,500 ಪೌಂಡ್. ಲಾಭ ಬಂದರೆ, ಷೇರನ್ನು ಮೂರು ವರ್ಷ ಇಟ್ಟುಕೊಂಡಿದ್ದರೆ, ಆ ಲಾಭಕ್ಕೆ ತೆರಿಗೆ ಇಲ್ಲ.

ಸುಮ್ನೆ ಕೊಡುವುದಿಲ್ಲ. ನಾನು ಆ ಕಂಪನಿಯ ನೌಕರನಾಗಿರಬಾರದು. ನನ್ನ ಪಾಲು 30% ದಾಟಬಾರದು, ಹೆಂಡತಿ, ಮಕ್ಕಳು, ಅಪ್ಪ ಅಮ್ಮನ ಪಾಲೂ ಆ ಲೆಕ್ಕಕ್ಕೆ ಸೇರುತ್ತದೆ. ಅಸಲು ಖಂಡಿತ ವಾಪಸ್ ಕೊಡ್ತೀವಿ ಅಂತ ಮೊದಲೇ ಒಪ್ಪಂದ ಮಾಡಿಕೊಂಡರೆ ರಿಯಾಯಿತಿಯೇ ಸಿಗದು. ಅಪಾಯ ಹೊತ್ತವರಿಗೆ ಮಾತ್ರ ಇದು. ಹಿಂದೆ ಸಿನಿಮಾದ ಹೆಸರಲ್ಲಿ ತೆರಿಗೆ ಉಳಿಸುವುದೇ ದಂಧೆ ಆಗಿತ್ತು, ಕೋರ್ಟು ಕೇಸುಗಳೂ ಆದವು. 2018ರಿಂದ ಇನ್ನೂ ಒಂದು ಷರತ್ತು ಬಂತು: ಬಂಡವಾಳಕ್ಕೆ ನಿಜವಾದ ಅಪಾಯ ಇರಬೇಕು, ಕಂಪನಿ ಬಹುಕಾಲ ಬೆಳೆಯುವ ಉದ್ದೇಶದ್ದಾಗಿರಬೇಕು. ಒಂದೇ ಸಿನಿಮಾ ಮಾಡಿ ಬಾಗಿಲು ಹಾಕುವ ಕಂಪನಿ ನಡೆಯುವುದಿಲ್ಲ. ಅದಕ್ಕೇ ಅವಳು ನನಗೆ ಎರಡನೆಯ, ಮೂರನೆಯ ಕಥೆಗಳನ್ನೂ ತೋರಿಸಿದಳು. ಮಾವನಿಗೆ ದುಡ್ಡು ಕೇಳಿದ ಹುಡುಗನ ಹತ್ತಿರ ಮುಂದಿನ ಸಿನಿಮಾದ ಮಾತೇ ಇರಲಿಲ್ಲ.

ಸಿನಿಮಾ ತಯಾರಿಕೆಗೆ ಬೇರೆ ರಿಯಾಯಿತಿ ಇದೆ. 2024ರ ಏಪ್ರಿಲ್‌ನಿಂದ ಈಚೆಗೆ ಶೂಟಿಂಗ್ ಶುರುವಾದ ಸಣ್ಣ ಬಜೆಟ್ ಚಿತ್ರಗಳಿಗೆ 53% ಕ್ರೆಡಿಟ್, ಅಂದರೆ ಖರ್ಚಿನ ಒಂದು ಭಾಗ ತೆರಿಗೆ ಲೆಕ್ಕದಲ್ಲಿ ಕಂಪನಿಗೆ ವಾಪಸ್. ಹತ್ತು ಲಕ್ಷ ಪೌಂಡ್ ಪೂರ್ತಿ ಇಲ್ಲೇ ಖರ್ಚಾದರೆ ಅದರ 80% ಮಾತ್ರ ಲೆಕ್ಕಕ್ಕೆ. ಕ್ರೆಡಿಟ್ ಮೇಲಿನ ತೆರಿಗೆ ಕಳೆದು ಕೈಗೆ ಸಿಗುವುದು ಸುಮಾರು 3,18,000 ಪೌಂಡ್. ಅದೂ ಲೆಕ್ಕಪತ್ರ ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಸಾಲ ಮಾಡಿ ನಡೆಸಬೇಕು, ಬಡ್ಡಿ ಕಟ್ಟಬೇಕು.

ಈ ಕ್ರೆಡಿಟ್ ಪಡೆದು ಇಲ್ಲಿ ಕನ್ನಡ ಸಿನಿಮಾ ಮಾಡಬಹುದಾ? ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸುವ ಸಾಂಸ್ಕೃತಿಕ ಪರೀಕ್ಷೆಯಲ್ಲಿ 35ಕ್ಕೆ 18 ಅಂಕ ಬರಬೇಕು. ಸಂಭಾಷಣೆ ಕನ್ನಡದಲ್ಲಿದ್ದರೆ ಭಾಷೆಯ ಆರು ಅಂಕ ಹೋಗುತ್ತವೆ. ಆದರೆ ಕಥೆ ಇಲ್ಲಿನ ಕನ್ನಡಿಗರದ್ದಾಗಿ, ಇಲ್ಲೇ ಶೂಟ್ ಆಗಿ, ಇಲ್ಲಿನವರೇ ಕೆಲಸ ಮಾಡಿದರೆ 18 ದಾಟಬಹುದು. ಭಾರತ ಮತ್ತು ಬ್ರಿಟನ್ ನಡುವೆ ಸಹನಿರ್ಮಾಣ ಒಪ್ಪಂದವೂ ಇದೆ. ಆ ದಾರಿಯಲ್ಲಿ ಹೋದರೆ ಅಂಕಗಳ ಪರೀಕ್ಷೆಯೇ ಬೇಕಿಲ್ಲ. ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಊಟದ ಹೊತ್ತಲ್ಲಿ ಇದರ ಬಗ್ಗೆ ಮಾತಾಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ನಮ್ಮಲ್ಲಿ ದುಡ್ಡು ಹಾಕುವ ಮನಸ್ಸಿನವರು ಇಲ್ಲ ಅನ್ನುವುದು ಸುಳ್ಳು. 'ಲೂಸಿಯಾ'ಕ್ಕೆ ಜನರೇ ಸೇರಿ ದುಡ್ಡು ಹಾಕಲಿಲ್ವಾ? ಆ ಚಿತ್ರ 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಆದರೆ ಕರ್ನಾಟಕದಲ್ಲಿ ರಿಯಾಯಿತಿ ಯಾವಾಗಲೂ ಟಿಕೆಟ್ಟಿಗೆ ಸಿಕ್ಕಿತು, ದುಡ್ಡು ಹಾಕಿದವನಿಗೆ ಅಲ್ಲ. ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆ ಇರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು ಅದೂ ಮುಗಿಯಿತು. ಸರ್ಕಾರದ ಸಹಾಯಧನ ಸಿಗುವುದು ಸಿನಿಮಾ ಮುಗಿದ ಮೇಲೆ, ಅದೂ ಸಮಿತಿ ಆರಿಸಿದರೆ, ನಿರ್ಮಾಪಕರಿಗೆ. ಮಾವನಂಥವರ ಹತ್ತಿರ ಷೇರು ಇದ್ದಿದ್ದರೂ ಆ ನಷ್ಟವನ್ನು ಬೇರೆ ಬಂಡವಾಳ ಲಾಭದ ಎದುರು ಮಾತ್ರ ಕಳೆಯಬಹುದಿತ್ತು, ಉಳಿದ ಆದಾಯದ ಎದುರು ಅಲ್ಲ.

ಆದಾಯ ತೆರಿಗೆ ಕೇಂದ್ರದ ಕೈಯಲ್ಲಿದೆ, ನಿಜ. ಆದರೆ ಸಹಾಯಧನ ರಾಜ್ಯದ್ದೇ ಅಲ್ವಾ? ಅದರಲ್ಲಿ ಒಂದು ಭಾಗವನ್ನು ಬೇರೆ ಥರ ಕೊಡಲಿ. ಪ್ರೈವೇಟ್ ಕಂಪನಿಯಲ್ಲಿ 200 ಷೇರುದಾರರವರೆಗೆ ಇರಬಹುದು. ಹೊಸ ನಿರ್ದೇಶಕ ಅಂಥ ಕಂಪನಿ ಮಾಡಿ, ಎರಡು ಮೂರು ಚಿತ್ರಗಳ ಯೋಜನೆ ಇಟ್ಟು, ಊರಿನ ಐವತ್ತು ಜನರಿಂದ ಬ್ಯಾಂಕ್ ಮೂಲಕ ಷೇರು ಹಣ ತಂದರೆ, ಶೂಟಿಂಗ್‌ಗೆ ಮೊದಲೇ ಸರ್ಕಾರ ಅದಕ್ಕೆ ಒಂದಿಷ್ಟು ಸೇರಿಸಲಿ. ಸಿನಿಮಾ ಸೋತರೆ ಮೊದಲು ಸೋಲುವುದು ಆ ಸೇರಿಸಿದ ದುಡ್ಡಾಗಲಿ, ಕೊಬ್ಬರಿ ದುಡ್ಡಲ್ಲ.

ಮಾವನಿಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, "ಕಥೆ ಮೊದಲು ಓದೋಕೆ ಕೊಡ್ತಾರೇನೋ?" ಅಂದರು. ಕೊಡ್ತಾರೆ ಮಾವ, ಅಂದೆ.